ಮೂರು ಮಳೆಗಾಲದ ಗ್ಯಾರಂಟಿ

ಕುದುರೆಯ ಮೈಮೇಲೆ ಹೊದಿಸುವ ಬಟ್ಟೆಗೆ ನಮ್ಮ ಕಡೆ ಝೂಲು ಅನ್ನುತ್ತಾರೆ. ಆ ಝೂಲಿಗೆ ಗ್ಯಾರಂಟಿ ಕಾರ್ಡು ಬರೆದುಕೊಡುವ ಕೆಲಸವನ್ನು ನಾನು ಹುಮನಾಬಾದಿನ ಒಂದು ಅಂಗಡಿಯಲ್ಲಿ ಎಷ್ಟೋ ವರ್ಷ ಮಾಡಿದೆ. ಹೀಗೊಂದು ಕೆಲಸ ಇತ್ತೇ ಎಂದು ಈಗಿನವರು ಕೇಳಿದರೆ ತಪ್ಪಿಲ್ಲ. ಇರಬಾರದಿತ್ತು. ಆದರೆ ಇತ್ತು. ಅದಕ್ಕೊಂದು ಕುರ್ಚಿ, ಕುರ್ಚಿಯ ಮೇಲೊಂದು ಫ್ಯಾನೂ ಇತ್ತು. ಆ ಫ್ಯಾನಿನ ಕೆಳಗೆ ಕೂತು ನಾನು ನನ್ನನ್ನು ಬಹಳ ದೊಡ್ಡ ಮನುಷ್ಯ ಎಂದುಕೊಂಡಿದ್ದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ಉರ್ದುವಿನಲ್ಲಿ ಕಲಿತದ್ದನ್ನೆಲ್ಲ ಇನ್ನು ಕನ್ನಡದಲ್ಲಿ ಕಲಿಯಿರಿ ಎಂದರು. ಕಲಿಸುವ ಮಾಸ್ತರರಿಗೇ ಕನ್ನಡ ಬರುತ್ತಿರಲಿಲ್ಲ. ಅವರು ರಾತ್ರಿ ಓದಿಕೊಂಡು ಬಂದು ಬೆಳಿಗ್ಗೆ ನಮಗೆ ಹೊಡೆಯುತ್ತಿದ್ದರು. ಹಾಗೂ ಹೀಗೂ ಪಾಸಾದೆ. ಉರ್ದು ಬಂತು, ಕನ್ನಡ ಬಂತು, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವಷ್ಟೂ ಬಂತು. ಹುಮನಾಬಾದಿನ ಸಾವುಕಾರನಿಗೆ ಬೇಕಾಗಿದ್ದದ್ದು ಇಷ್ಟೇ. ಹಗ್ಗ, ತಾಡಪತ್ರಿ, ಲಗಾಮು, ಟಾಂಗಾದ ಸಾಮಾನು ಮಾರುವ ಅಂಗಡಿ ಅವನದು. ಅವನಿಗೆ ಮೂರೂ ಭಾಷೆ ಮಾತಾಡಲು ಬರುತ್ತಿತ್ತು, ಒಂದೂ ಓದಲು ಬರುತ್ತಿರಲಿಲ್ಲ. ನನ್ನನ್ನು 'ಮಾಸ್ತರ' ಎಂದು ಕರೆಯುತ್ತಿದ್ದ. ಅದು ಗೌರವವಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು.

ನನ್ನ ಮನೆ ದುಬಲಗುಂಡಿಯಲ್ಲಿ. ನಮ್ಮದು ಕುರಿ ಕಾಯುವ, ಕಂಬಳಿ ನೇಯುವ ಮನೆ. ಅಪ್ಪ ನೇಯುತ್ತಿದ್ದ, ಅವ್ವ ನೂಲುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮಗ್ಗದ ಕುಣಿಗೆ ಅವ್ವನೇ ಇಳಿದಳು. ಹೆಂಗಸು ಮಗ್ಗಕ್ಕೆ ಇಳಿಯುವುದೇ ಎಂದು ಓಣಿಯವರು ಮೂಗು ಮುರಿದರು. ಹಾಗೆ ಮೂಗು ಮುರಿದ ಒಬ್ಬನೂ ನಮ್ಮ ಮನೆಗೆ ಒಂದು ಸೇರು ಜೋಳ ತಂದು ಹಾಕಲಿಲ್ಲ. ಚಳಿಗಾಲ ಬಂದಾಗ ಮಾತ್ರ ಅದೇ ಮೂಗು ಹೊತ್ತುಕೊಂಡು ಕಂಬಳಿಗೆ ಬರುತ್ತಿದ್ದರು.

ಅವ್ವ ಕುದುರೆಗೆಂದು ನೇಯುವ ಝೂಲು ಬೇರೆ. ಮನುಷ್ಯರ ಕಂಬಳಿಗೆ ಎರಡು ಪಟ್ಟಿ ನೇಯ್ದು ನಡುವೆ ಹೊಲಿದರೆ ಮುಗಿಯಿತು. ಕುದುರೆಗೆ ಅವಳು ಮೂರು ಪಟ್ಟಿ ನೇಯುತ್ತಿದ್ದಳು. ಮೂರು ಪಟ್ಟಿಯಾದರೆ ಹೊಲಿಗೆಗಳೆರಡೂ ಪಕ್ಕೆಯ ಮೇಲೆ ಬೀಳುತ್ತವೆ, ಬೆನ್ನಿನ ಮೇಲೆ ಇಡೀ ಬಟ್ಟೆಯೇ ಇರುತ್ತದೆ. ನೀರು ನಿಲ್ಲುವುದು ಬೆನ್ನಿನ ಮೇಲೆ, ಆದ್ದರಿಂದ ಅಲ್ಲಿ ಸೂಜಿ ಚುಚ್ಚಬಾರದು. ಇಷ್ಟು ತಿಳಿಯಲು ಯಾವ ಕಾಲೇಜೂ ಬೇಕಿಲ್ಲ. ನೇಯ್ದಾದ ಮೇಲೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ, ಆ ಗಂಜಿಯನ್ನು ಕಂಬಳಿಗೆ ಬಡಿಯುತ್ತಿದ್ದಳು. ಒಣಗಿದಾಗ ಝೂಲು ಹಲಗೆಯಂತೆ ಸೆಟೆದು ನಿಲ್ಲುತ್ತಿತ್ತು. ನಾಲ್ಕು ಮೂಲೆ ಬೇವಿನ ಮರಕ್ಕೆ ಕಟ್ಟಿ, ನಡುವೆ ಒಂದು ಕೊಡ ನೀರು ಸುರಿದು, ಅವಳು ತನ್ನ ಪಾಡಿಗೆ ಕುರಿ ಹಿಂಡಲು ಹೋಗುತ್ತಿದ್ದಳು. ಬಂದು ನೋಡಿದಾಗ ಕೆಳಗಿನ ಮಣ್ಣಿನ ಮೇಲೆ ಒಂದು ಹನಿ ಬಿದ್ದಿದ್ದರೂ ಆ ಝೂಲನ್ನು ಗಿರಾಕಿಗೆ ಕೊಡುತ್ತಿರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಝೂಲು ಕೊಂಡವರು ಅದನ್ನು ತಿರುಗಿ ತರಬೇಕು, ಅವಳು ಮತ್ತೆ ಗಂಜಿ ಹಾಕಿಕೊಡುತ್ತಾಳೆ. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಝೂಲು ಹರಿದು ಚಿಂದಿಯಾಗುವ ತನಕ ಇದು ನಡೆಯಬೇಕು. ಆದರೆ ತರುವಾಗ ತೊಳೆಯಬಾರದು. "ಹ್ಯಾಂಗದ ಹಂಗೇ ತರ್ರಿ, ತೊಳೀಬ್ಯಾಡ್ರಿ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಕೊಳೆ ಎಲ್ಲಿ ಕೂತಿದೆ, ಬೆವರಿನ ಉಪ್ಪು ಎಲ್ಲಿ ಬೆಳ್ಳಗಾಗಿದೆ ಎಂದು ನೋಡಿದರೆ ಗಂಜಿ ಎಲ್ಲಿ ಸವೆದಿದೆ, ನೀರು ಎಲ್ಲಿ ಇಳಿದಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ನೋಡಿಯಾದ ಮೇಲೆ ತಾನೇ ಹಳ್ಳಕ್ಕೆ ಹೊತ್ತೊಯ್ದು ತೊಳೆಯುತ್ತಿದ್ದಳು. ಗ್ಯಾರಂಟಿ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ.

ಹೀಗೆ ಪ್ರತಿ ವರ್ಷ ಬರುವವರಲ್ಲಿ ಬಸವಕಲ್ಯಾಣದ ಒಬ್ಬ ಟಾಂಗಾದವರಿದ್ದರು. ನಾನು ಅವರಿಗೆ ಚಾಚಾ ಅನ್ನುತ್ತಿದ್ದೆ. ಅವ್ವ ಅವರನ್ನು 'ಅಣ್ಣಾರು' ಅನ್ನುತ್ತಿದ್ದಳು, ಅವರು ಅವಳಿಗೆ 'ಬೆಹನ್' ಅನ್ನುತ್ತಿದ್ದರು. ಅವರ ಹತ್ತಿರ ಒಂದು ಬಿಳಿ ಹೆಣ್ಣುಕುದುರೆ ಇತ್ತು. ಮಳೆಗಾಲದಲ್ಲಿ ಅದು ಟಾಂಗಾ ಎಳೆಯುತ್ತಿತ್ತು, ಲಗ್ನದ ದಿನಗಳಲ್ಲಿ ಮದುಮಗನನ್ನು ಹೊರುತ್ತಿತ್ತು. ಕಲ್ಯಾಣದಲ್ಲಿ ಆಗ ಮದುಮಗ ಏರುವಂಥ ಬಿಳಿ ಕುದುರೆ ಅದೊಂದೇ. ಹಿಂದೂಗಳ ಮದುವೆಗೂ ಅದೇ, ಮುಸಲ್ಮಾನರ ಮದುವೆಗೂ ಅದೇ. ಬಸ್ಸು ಬಂದ ಮೇಲೆ ಟಾಂಗಾದಿಂದ ಹುಲ್ಲಿಗಾಗುವಷ್ಟು ಹುಟ್ಟಿದರೆ ಹೆಚ್ಚು. ಅವರ ಮನೆ ನಡೆಯುತ್ತಿದ್ದದ್ದು ಆ ಕುದುರೆಯ ಬಿಳಿ ಬೆನ್ನಿನಿಂದ. ಬೆನ್ನಿನ ಮೇಲೆ ಕಲೆಯಿರುವ ಕುದುರೆಯನ್ನು ಯಾವ ಬೀಗರೂ ಒಪ್ಪುವುದಿಲ್ಲ. ಇದು ಚಾಚಾಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ನನಗೂ ಚೆನ್ನಾಗಿ ಗೊತ್ತಿತ್ತು.

ಇನ್ನು ಕಂಪನಿಯ ಮನುಷ್ಯನ ವಿಷಯ. ಅರವತ್ತರ ದಶಕದ ಆರಂಭದಲ್ಲಿ, ಬೇಸಿಗೆ ಶುರುವಾಗುವ ಹೊತ್ತಿಗೆ, ಹೈದರಾಬಾದಿನಿಂದ ಬಿಗಿ ಪ್ಯಾಂಟು ತೊಟ್ಟ ಒಬ್ಬ ಅಂಗಡಿಗೆ ಬಂದ. ರಬ್ಬರು ಬಳಿದ ದಪ್ಪ ಕ್ಯಾನ್ವಾಸಿನ ಝೂಲುಗಳನ್ನು ತಂದಿದ್ದ. ಅಂಗಡಿಯ ಮುಂದೆ ಬೆಂಚಿನ ಮೇಲೆ ಒಂದನ್ನು ಹಾಸಿ, ಜನ ಸೇರಿಸಿ, ಕಿಟ್ಲಿಯಿಂದ ನೀರು ಸುರಿದ. ನೀರು ಜಾರಿ ಕೆಳಗೆ ಹೋಯಿತು. ಜನ ಬಾಯಿ ತೆರೆದುಕೊಂಡು ನಿಂತರು. ನೀರು ಇಳಿಜಾರಿನಲ್ಲಿ ಕೆಳಗೆ ಹರಿಯುವುದನ್ನು ಹುಮನಾಬಾದಿನ ಜನ ಅವತ್ತೇ ಮೊದಲು ನೋಡಿದರೋ ಎಂಬಂತೆ ಇತ್ತು. ಬಟ್ಟೆ ವ್ಯಾಪಾರಿಯೊಬ್ಬ, ಸ್ವಂತ ಅಂಗಡಿಯಲ್ಲಿ ದಿನಾ ಗಿರಾಕಿಗಳಿಗೆ ಟೋಪಿ ಹಾಕುವವನು, "ಕಂಪನೀ ಮಾಲು ಅಂದ್ರ ಕಂಪನೀ ಮಾಲೇ" ಎಂದು ತಲೆಯಾಡಿಸಿದ.

ನಾನು ನೋಡಿದ್ದು ಬೇರೆ. ಆ ಮನುಷ್ಯ ನೀರು ಸುರಿದದ್ದೆಲ್ಲ ಪಕ್ಕಕ್ಕೆ. ನಟ್ಟನಡುವೆ, ಬೆನ್ನು ಬರುವ ಜಾಗದಲ್ಲಿ, ತಲೆಯಿಂದ ಬಾಲದವರೆಗೆ ಉದ್ದಕ್ಕೆ ಒಂದು ಹೊಲಿಗೆ ಇತ್ತು. ಎರಡು ತುಂಡು ಬಟ್ಟೆಯನ್ನು ಕೂಡಿಸಿದ ಹೊಲಿಗೆ. ಬಟ್ಟೆ ಉಳಿಸಲು ಹಾಗೆ ಮಾಡಿದ್ದರು. ನೇಕಾರರ ಮನೆಯಲ್ಲಿ ಹುಟ್ಟಿದವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಆದರೆ ನಾನು ನೇಕಾರರ ಮನೆಯವನು ಎಂದು ಆ ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ಇದನ್ನೂ ಹೇಳಲಿಲ್ಲ.

ಝೂಲಿನ ಜೊತೆ ಒಂದು ಕಾರ್ಡು ಬಂತು. ದಪ್ಪ ಕಾಗದ, ಸುತ್ತ ಬಂಗಾರದ ಬಣ್ಣದ ಬಳ್ಳಿ. ಮೇಲೆ ದೊಡ್ಡ ಅಕ್ಷರದಲ್ಲಿ ಮೂರು ಮಳೆಗಾಲದ ಗ್ಯಾರಂಟಿ. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್. ಅದನ್ನು ಕನ್ನಡಕ್ಕೆ ಮಾಡಿ ಅಚ್ಚು ಹಾಕಿಸು ಎಂದು ಸಾವುಕಾರ ನನಗೆ ಹೇಳಿದ. ಎರಡು ದಿನ ಡಿಕ್ಷನರಿ ಹಿಡಿದು ಕೂತೆ. ಸಹಜ ಬಳಕೆಯಲ್ಲಿ ನೀರು ಇಳಿದರೆ ಝೂಲು ಬದಲಾಯಿಸಿ ಕೊಡಲಾಗುವುದು ಎಂದಿತ್ತು. ಯಾವುದು ಸಹಜವಲ್ಲ ಎಂದು ಮುಂದೆ ಬರೆದಿತ್ತು. ಕುದುರೆ ಕಚ್ಚಿದರೆ ಸಹಜವಲ್ಲ. ಗೋಡೆಗೆ ಮೈ ತಿಕ್ಕಿದರೆ ಸಹಜವಲ್ಲ. ನೆಲಕ್ಕೆ ಹೊರಳಿದರೆ ಸಹಜವಲ್ಲ. ಬಿಸಿಲಿಗೆ ರಬ್ಬರು ಬಿರಿದರೆ ಕಂಪನಿ ಜವಾಬ್ದಾರಿಯಲ್ಲ. ಬೀದರ ಜಿಲ್ಲೆಯಲ್ಲಿ ಬಿಸಿಲಿಲ್ಲದ ಜಾಗ ಯಾವುದೆಂದು ಆ ಮಹಾಶಯರು ಬರೆದಿರಲಿಲ್ಲ. ವರ್ಷಕ್ಕೊಮ್ಮೆ ಕಂಪನಿಯದೇ ಡಬ್ಬಿಯ ಎಣ್ಣೆ ಬಳಿಯಬೇಕು. ಆ ಡಬ್ಬಿ ನಮ್ಮ ಅಂಗಡಿಗೆ ಬರುತ್ತಲೇ ಇರಲಿಲ್ಲ. ಪೆಟ್ಟಿಗೆಯೊಳಗೆ ಮಡಚಿಟ್ಟ ಝೂಲಿಗೆ ಮಾತ್ರ ಆ ಗ್ಯಾರಂಟಿ ಪೂರ್ತಿ ಸಲ್ಲುತ್ತಿತ್ತು.

ಎಲ್ಲಕ್ಕಿಂತ ಸೊಗಸಾದವು ಕೊನೆಯ ಎರಡು ಷರತ್ತುಗಳು. ಪರೀಕ್ಷೆಗೆ ತರುವ ಝೂಲು ಸ್ವಚ್ಛವಾಗಿರಬೇಕು, ಕೊಳೆಯಾದದ್ದನ್ನು ಮುಟ್ಟುವುದಿಲ್ಲ, ಎಂದು ಒಂದು. ಸಾಬೂನು ಅಥವಾ ಸೋಡಾ ಹಾಕಿ ತೊಳೆದ ಝೂಲಿಗೆ ಗ್ಯಾರಂಟಿ ಇಲ್ಲ, ಎಂದು ಇನ್ನೊಂದು.

"ಮಾಸ್ತರ, ಕಡೀಕ ಏನ್ ಬರ್ದಾರ?" ಸಾವುಕಾರ ಕೇಳಿದ.

"ಹೊಲಸಿದ್ರ ನೋಡಂಗಿಲ್ಲ, ತೊಳದ್ರ ಕೊಡಂಗಿಲ್ಲ ಅಂತ ಬರ್ದಾರ್ರಿ."

ಅವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಹೊಟ್ಟೆ ಕುಣಿಸಿ ನಕ್ಕ. "ಓದಿದವರ ಬುದ್ಧಿ ನೋಡಪ್ಪ. ನಮಗ ಹೊಳೀತಿತ್ತಾ ಇದು?"

ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಆ ಎರಡು ಷರತ್ತುಗಳನ್ನು ಕನ್ನಡದಲ್ಲಿ ಇನ್ನಷ್ಟು ದಪ್ಪ ಮಾಡಿ ಬರೆದೆ. 'ಸದರಿ', 'ತತ್ಸಂಬಂಧ', 'ಪರಿಗಣಿಸತಕ್ಕದ್ದಲ್ಲ' ಎಂದೆಲ್ಲ ತುಂಬಿದೆ. ಓದಿದವನಿಗೂ ಅರ್ಥವಾಗಬಾರದು ಎಂಬುದೇ ನನ್ನ ಉದ್ದೇಶ. ಹೊಸದಾಗಿ ಕಲಿತ ಕನ್ನಡವನ್ನು ನಾನು ಮೊದಲು ಬಳಸಿದ್ದು ಹೀಗೆ.

ಆ ಕಾರ್ಡಿಗೆ ಜನ ತೋರಿಸಿದ ಭಕ್ತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಟಾಂಗಾದವರು, ಬಂಡಿಯವರು, ಹುಡಗಿ, ಬೇಮಳಖೇಡ ಊರುಗಳಿಂದ ಬಂದ ಗೌಡರು, ಎಲ್ಲರೂ ಮೊದಲು ಕಾರ್ಡು ನೋಡುವುದು, ಆಮೇಲೆ ಝೂಲು. ಒಬ್ಬನಾದರೂ ಬೆನ್ನ ಮೇಲಿನ ಹೊಲಿಗೆಗೆ ಬೆರಳಿಟ್ಟು ಕೇಳಬೇಕಲ್ಲ, ಕೇಳಲಿಲ್ಲ. ಕಾರ್ಡನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಜೇಬಿಗಿಡುತ್ತಿದ್ದರು. ಕೆಲವರು ಅದಕ್ಕೆ ಗಾಜು ಹಾಕಿಸಿ ಗೋಡೆಗೆ ಏರಿಸಿದರು. ಅಚ್ಚಾದದ್ದೆಲ್ಲ ಸತ್ಯ ಎಂದು ನಂಬುವವರನ್ನು ಮೋಸ ಮಾಡಲು ಬುದ್ಧಿಯೇ ಬೇಕಿಲ್ಲ, ನನ್ನಂಥವನಿದ್ದರೆ ಸಾಕು.

ಆ ವರ್ಷ ಮಿರಗಕ್ಕೆ ಮುಂಚೆ ಚಾಚಾ ಲಗಾಮಿನ ಪಟ್ಟಿ ಕೊಳ್ಳಲು ಅಂಗಡಿಗೆ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಅವ್ವನ ಝೂಲು. ದುಬಲಗುಂಡಿಗೆ ಗಂಜಿ ಹಾಕಿಸಲು ಹೊರಟಿದ್ದರು. ನನ್ನನ್ನು ಕುರ್ಚಿಯ ಮೇಲೆ ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಯಿತು.

"ಅರೆ ಬೇಟಾ, ನೀ ಇಲ್ಲಿ ಇದ್ದೀ ಏನು? ನಾ ನಿಮ್ಮ ಮನೀಗೇ ಹೊಂಟೀನಿ ನೋಡು. ನಿಮ್ಮ ಅವ್ವ ನೇಯ್ದಿದ್ದು ಇನ್ನಾ ಗಟ್ಟಿ ಅದ," ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳಿದರು.

ಸಾವುಕಾರ ತಕ್ಕಡಿಯಿಂದ ತಲೆಯೆತ್ತಿದ. "ಏನ್ ಮಾಸ್ತರ, ನೀ ಕಂಬಳಿ ಮಂದಿ ಏನು? ಹೇಳೇ ಇಲ್ಲಲ್ಲ. ಅದಕ್ಕೇ ಹೊತ್ತೇರಿದ್ರ ಕುರಿ ವಾಸನಿ ಬರ್ತದ ಅಂತೀನಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾವುಕಾರನ ಮೇಲೆ ಬರಬೇಕಾದ ಸಿಟ್ಟು ನನಗೆ ಚಾಚಾನ ಮೇಲೆ ಬಂತು. ಅವ್ವನ ಮೇಲೆ ಬಂತು. ಹೇಡಿಗೆ ಸಿಟ್ಟು ಬರುವುದು ಯಾವಾಗಲೂ ತನಗಿಂತ ಮೆತ್ತಗಿನವರ ಮೇಲೆ. ಕುರ್ಚಿಯಿಂದ ಎದ್ದು ಹೋಗಿ ಹೊಸ ಝೂಲು ತಂದು ಅವರ ಮುಂದೆ ಹಾಸಿದೆ.

"ಚಾಚಾ, ಕಂಬಳಿ ಕಾಲ ಮುಗೀತು. ಇದು ನೋಡ್ರಿ. ಮೂರು ಮಳಿಗಾಲ ಗ್ಯಾರಂಟಿ."

ಅವರು ಬಟ್ಟೆಯನ್ನು ಮುಟ್ಟಿ ನೋಡಿದರು. ಬೆರಳು ಹೊಲಿಗೆಯ ಹತ್ತಿರ ಹೋಗಿ ನಿಂತಿತು. ಅಷ್ಟೂ ಜನರಲ್ಲಿ ಅಲ್ಲಿ ಬೆರಳಿಟ್ಟವರು ಅವರೊಬ್ಬರೇ. "ಇಲ್ಲಿ ನೀರು ಇಳಿಯಂಗಿಲ್ಲೇನು?"

"ಕಂಪನಿಯವರಿಗಿ ಗೊತ್ತಿಲ್ಲೇನ್ರಿ ಚಾಚಾ? ಇಳದ್ರ ಬ್ಯಾರೆ ಕೊಡ್ತಾರ."

"ಬರ್ದು ಕೊಡ್ತೀ ಏನು?"

"ಬರ್ದು ಕೊಡ್ತೀನಿ."

"ಬೆಹನ್ ಯಾವತ್ತೂ ಬರ್ದು ಕೊಟ್ಟಿಲ್ಲ ನೋಡು," ಎಂದು ಅವರು ನಕ್ಕರು.

"ಅಕಿಗಿ ಬರೀಲಾಕ ಎಲ್ಲಿ ಬರ್ತದ ಚಾಚಾ," ಎಂದೆ ನಾನು.

ಆ ಮಾತನ್ನು ಸಾವುಕಾರ ಬಹಳ ಮೆಚ್ಚಿಕೊಂಡ. ಹಳೆಯ ಝೂಲನ್ನು ಬದಲಿಗೆ ತೆಗೆದುಕೊಂಡು, ಹೊಸದನ್ನು ಚಾಚಾನ ಹೆಗಲಿಗೆ ಹಾಕಿದೆವು. ಅವ್ವನ ಝೂಲನ್ನು ಸಾವುಕಾರ ಅಂಗಡಿಯ ಮೆಟ್ಟಿಲಿಗೆ ಕಾಲೊರಸಾಗಿ ಹಾಸಿದ. ಚಾಚಾ ಆ ವರ್ಷ ದುಬಲಗುಂಡಿಗೆ ಹೋಗಲಿಲ್ಲ. ಅಣ್ಣಾರು ಯಾಕೆ ಬರಲಿಲ್ಲ ಎಂದು ಅವ್ವ ಕೇಳಿದಾಗ ನನಗೇನು ಗೊತ್ತು ಎಂದೆ.

ಮೊದಲ ಮಳೆಗಾಲ ಹೇಗೋ ಕಳೆಯಿತು. ಎರಡನೆಯದರಲ್ಲಿ, ಮಳೆ ಜೋರು ಹಿಡಿದ ಹೊತ್ತಿಗೆ, ಚಾಚಾ ಕಲ್ಯಾಣದಿಂದ ಬಸ್ಸಿನಲ್ಲಿ ಬಂದರು. ಝೂಲಿನ ಗಂಟು ತಲೆಯ ಮೇಲೆ. ಕೈಯಲ್ಲಿ ರುಮಾಲಿನಲ್ಲಿ ಸುತ್ತಿದ ಚೌಕಟ್ಟು. ಅವರೂ ಕಾರ್ಡಿಗೆ ಗಾಜು ಹಾಕಿಸಿದ್ದರು.

"ಬೆನ್ನ ಮ್ಯಾಲ ನೀರು ಇಳಿಯಾಕತ್ತದ ಬೇಟಾ. ಇಡೀ ದಿನ ಹಸೀ ಇರ್ತದ. ಕೂದಲಾ ಉದರಾಕತ್ತಾವ. ನೀ ನೋಡು, ತೊಳದಿಲ್ಲ, ಹ್ಯಾಂಗದ ಹಂಗೇ ತಂದೀನಿ."

ಅಂಗಡಿಯ ನೆಲದ ಮೇಲೆ ಬಿಚ್ಚಿ ಹಾಸಿದರು. ಕೆಸರು, ಲದ್ದಿ, ಬೆವರಿನ ಉಪ್ಪು ಎಲ್ಲ ಇತ್ತು. ಅವರು ಅದನ್ನು ಹೆಮ್ಮೆಯಿಂದಲೇ ಹಾಸಿದರು. ಅವ್ವನ ಹತ್ತಿರ ಅಷ್ಟು ವರ್ಷ ಹಾಗೇ ತಂದು ರೂಢಿ. ನೇಯುವವರಿಗೆ ಮರ್ಯಾದೆ ಕೊಡುವುದು ಎಂದರೆ ಅದು, ಬಟ್ಟೆಗೆ ಏನಾಗಿದೆಯೋ ಅದನ್ನು ಮುಚ್ಚದೆ ತೋರಿಸುವುದು. ನೋಡಿದ ಕೂಡಲೇ ನನಗೆ ತಿಳಿಯಿತು. ಹೊಲಿಗೆಯ ಎರಡೂ ಬದಿಗೆ ಕೊಳೆ ಗೆರೆ ಹಿಡಿದು ಕೂತಿತ್ತು, ಒಳಮೈಯಲ್ಲಿ ಅದೇ ಗೆರೆ ಬೂಷ್ಟು ಹಿಡಿದು ಹಸಿರಾಗಿತ್ತು. ಪ್ರತಿಯೊಂದು ಸೂಜಿಯ ತೂತು ಎಣಿಸಬಹುದಿತ್ತು. ಇದಕ್ಕಿಂತ ಹೆಚ್ಚಿನ ಪುರಾವೆ ಯಾವ ಕೋರ್ಟೂ ಕೇಳುವುದಿಲ್ಲ.

ಸಾವುಕಾರ ಮೂಗಿಗೆ ಪಂಚೆಯ ತುದಿ ಹಿಡಿದು ನನ್ನ ಕಡೆ ನೋಡಿದ.

"ಚಾಚಾ, ಹೊಲಸಿದ್ರ ನೋಡಂಗಿಲ್ಲ ಅಂತ ಕಾರ್ಡಿನಾಗ ಅದ. ಸ್ವಚ್ಛ ಮಾಡ್ಕೊಂಡು ಬರ್ರಿ," ಎಂದೆ.

"ತೊಳದ್ರ ನಿನಗ ಹ್ಯಾಂಗ ತಿಳೀತದ ಎಲ್ಲಿ ಇಳದದ ಅಂತ?"

"ಕಂಪನಿ ಕಾನೂನು ರೀ."

ಅವರು ಮತ್ತೆ ಸುತ್ತಿಕೊಂಡು ಹೋದರು. ಆ ಮಳೆಯಲ್ಲಿ ಅದನ್ನು ತೊಳೆದು ಒಣಗಿಸಲು ಅವರಿಗೆ ವಾರ ಹಿಡಿಯಿತು. ಅಷ್ಟು ದಿನ ಕುದುರೆ ಬಸ್ ಸ್ಟ್ಯಾಂಡಿನಲ್ಲಿ ಬರಿ ಮೈಯಲ್ಲಿ ನಿಂತಿತ್ತು. ಮತ್ತೆ ಬಂದಾಗ ಝೂಲು ಬೆಳ್ಳಗೆ ತೊಳೆದಿತ್ತು, ಮಡಿಕೆ ಮಾಡಿತ್ತು. ಬಟ್ಟೆ ಒಗೆಯುವ ಸೋಡಾ ಹಾಕಿ ಕೆರೆಯಲ್ಲಿ ಉಜ್ಜಿದ್ದರು. ರಬ್ಬರು ಸಿಪ್ಪೆಸಿಪ್ಪೆಯಾಗಿ ಎದ್ದಿತ್ತು.

"ಸೋಡಾ ಹಾಕೀರೇನ್ರಿ ಚಾಚಾ?"

"ಹಾಕಲಾರ್ದೆ ಲದ್ದಿ ಹೋಗ್ತದೇನು? ಸ್ವಚ್ಛ ಮಾಡ್ಕೊಂಡು ಬಾ ಅಂತ ನೀನೇ ಹೇಳೀದಿ."

"ಸ್ವಚ್ಛ ಮಾಡ್ರಿ ಅಂದೆ. ಸೋಡಾ ಹಾಕ್ರಿ ಅನಲಿಲ್ಲ."

ಈ ಉತ್ತರ ಕೊಟ್ಟು ನಾನು ರಿಜಿಸ್ಟರಿನಲ್ಲಿ 'ತೊಳೆಯಲಾಗಿದೆ, ಗ್ಯಾರಂಟಿ ಸಲ್ಲದು' ಎಂದು ದುಂಡಗೆ ಬರೆದೆ. ಆ ಉತ್ತರವನ್ನು ಎಷ್ಟೋ ವರ್ಷ ನನ್ನ ಚಾಣಾಕ್ಷತನದ ಉದಾಹರಣೆ ಎಂದು ಸ್ನೇಹಿತರಿಗೆ ಹೇಳಿಕೊಂಡು ತಿರುಗಿದ್ದೇನೆ. ಹೇಳಿದ ಕಡೆಯೆಲ್ಲ ಚಹಾ ಸಿಕ್ಕಿದೆ. ಇಂಥ ಮಾತಿಗೆ ನಗುವ ಜನ ನಮ್ಮಲ್ಲಿ ಯಾವ ಕಾಲಕ್ಕೂ ಕಡಿಮೆಯಾಗಲಿಲ್ಲ.

ಚಾಚಾ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ನೀ ಒಮ್ಮಿ ಹೈದರಾಬಾದಿಗಿ ಬರ್ದು ನೋಡು ಬೇಟಾ. ನೀ ಬರದ್ರ ಕೇಳ್ತಾರ," ಎಂದರು. ನಾನು ಬರೆದೆ. ಬರೆದದ್ದು ಅವರ ಸಲುವಾಗಿ ಅಲ್ಲ, ಕಂಪನಿಗೆ ನನ್ನ ಇಂಗ್ಲಿಷ್ ತೋರಿಸುವ ಸಲುವಾಗಿ.

ಚಳಿಗಾಲದ ಹೊತ್ತಿಗೆ ಉತ್ತರ ಬಂತು. ಕಂಪನಿ ನಮ್ಮ ಸಾವುಕಾರನಿಗೆ ಇಡೀ ಜಿಲ್ಲೆಯ ಏಜೆನ್ಸಿ ಕೊಡುವ ವಿಚಾರದಲ್ಲಿತ್ತು. ಬಾಕಿ ಉಳಿದ ತಕರಾರು ಇರಬಾರದು, ಆದ್ದರಿಂದ ಸದರಿ ಗಿರಾಕಿಯಿಂದ 'ನನ್ನ ದೂರು ತೃಪ್ತಿಕರವಾಗಿ ಮುಗಿದಿದೆ' ಎಂದು ಸಹಿ ಮಾಡಿಸಿ ಕಳಿಸಿ ಎಂದಿತ್ತು. ಮುಗಿಸಿ ಎಂದಿರಲಿಲ್ಲ, ಮುಗಿದಿದೆ ಎಂದು ಬರೆಸಿ ಎಂದಿತ್ತು.

"ಹೋಗಿ ಒಂದು ಸಹಿ ತಗೊಂಬಾ ಮಾಸ್ತರ," ಎಂದ ಸಾವುಕಾರ. "ಏಜೆನ್ಸಿ ಬಂದ್ರ ಬೀದರದಾಗ ಅಂಗಡಿ ತೆಗಿತೀನಿ. ಅಲ್ಲಿ ನೀನೇ ಕೂಡು."

ಕಲ್ಯಾಣಕ್ಕೆ ಹೋದೆ. ಕೋಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಕುದುರೆಯನ್ನು ತಗಡಿನ ಕೆಳಗೆ ಕಟ್ಟಿದ್ದರು. ಹೆಗಲಿನಿಂದ ಸೊಂಟದವರೆಗೆ, ಹೊಲಿಗೆ ಇದ್ದ ಉದ್ದಕ್ಕೂ, ಕೂದಲು ಹೋಗಿ ಕರಿ ಚರ್ಮ ಕಾಣುತ್ತಿತ್ತು. ಎರಡು ಕಡೆ ಹುಣ್ಣು ಬಿರಿದಿತ್ತು. ಅರಿಶಿನ ಎಣ್ಣೆ ಹಚ್ಚಿದ್ದರಿಂದ ಬಿಳಿ ಮೈಯೆಲ್ಲ ಹಳದಿ ಇಳಿದಿತ್ತು. ನೊಣ ಕೂತರೂ ಅದರ ಚರ್ಮ ನಡುಗುತ್ತಿತ್ತು.

"ಮೊನ್ನಿ ಲಗ್ನದ ಮಂದಿ ನೋಡ್ಲಾಕ ಬಂದಿದ್ರು," ಎಂದರು ಚಾಚಾ. "ಕೂದಲಾ ಬರಲಿ, ಆಮ್ಯಾಲ ನೋಡೋಣು ಅಂದು ಹೋದ್ರು. ಈ ಸಲ ನಾಲ್ಕು ಲಗ್ನ ಹೇಳಿಟ್ಟಿದ್ರು ನನಗ. ನಾಲ್ಕೂ ಹೋದ್ವು."

ಇಷ್ಟು ಹೇಳಿ ಅವರು ನನಗೆ ಚಹಾ ತರಿಸಿದರು. ಚಹಾದ ಜೊತೆ ಖಾರಿ ಬಿಸ್ಕೀಟು. ನಾನು ಕಾಗದ ತೆಗೆದೆ. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಕಾಗದವನ್ನು ನಾನು ಉರ್ದುವಿನಲ್ಲೂ ಬರೆಯಬಹುದಾಗಿತ್ತು, ಕಂಪನಿಗೆ ಅದರಲ್ಲೂ ನಡೆಯುತ್ತಿತ್ತು. ಕನ್ನಡದಲ್ಲೇ ಬರೆದುಕೊಂಡು ಹೋಗಿದ್ದೆ.

"ಇದರಾಗ ಏನದ ಬೇಟಾ?"

"ನಿಮ್ಮ ಝೂಲಿನ ವಿಷಯ ರೀ ಚಾಚಾ."

ಸುಳ್ಳು ಹೇಳಲಿಲ್ಲ. ಸುಳ್ಳು ಹೇಳದೆ ಕೆಲಸ ಮಾಡಿಕೊಳ್ಳುವುದನ್ನೇ ನಾನು ಆ ಅಂಗಡಿಯಲ್ಲಿ ಕಲಿತದ್ದು. ಅವರ ಮಗಳು, ಶಾಲೆಗೆ ಹೋಗುವವಳು, ಬಾಗಿಲಲ್ಲಿ ನಿಂತಿದ್ದಳು. "ಅಬ್ಬಾ, ನಾ ಓದ್ಲೇನು?" ಎಂದು ತಂದೆಯನ್ನು ಕೇಳಿದಳು. ಅವಳು ಕನ್ನಡ ಶಾಲೆಯವಳು. ನಾನು ಕಾಗದವನ್ನು ಚಾಚಾನ ಕಡೆಗೆ ಸರಿಸಿ ಪೆನ್ನು ಮುಂದೆ ಹಿಡಿದೆ.

ಚಾಚಾ ಅವಳ ಕಡೆ ತಿರುಗಿ ನೋಡಲೂ ಇಲ್ಲ. "ಇಂವ ಯಾರ ಮಗ ಗೊತ್ತದ ಏನು? ದುಬಲಗುಂಡಿ ಬೆಹನ್‌ನ ಮಗ. ಅಕಿ ಮಗ ಬರ್ದಿದ್ದು ಓದಿ ನೋಡ್ಬೇಕಾ? ನಡಿ ಒಳಗ."

ಅವರು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ನಿಧಾನವಾಗಿ ಚಂದಗೆ ಸಹಿ ಮಾಡಿದರು. ಮಸಿ ಆರುವವರೆಗೆ ಕಾಗದವನ್ನು ಕೈಯಲ್ಲಿ ಹಿಡಿದು ಊದಿದರು. "ಮಿರಗದ ಒಳಗ ಹೊಸಾದು ಬರ್ತದಲ್ಲಾ?" ಎಂದರು. ಬರ್ತದ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವರು ಓಣಿಯ ತುದಿಯವರೆಗೆ ಬಂದು ಬಿಟ್ಟುಹೋದರು.

ಏಜೆನ್ಸಿ ಬಂತು. ಬೀದರದ ಅಂಗಡಿಯಲ್ಲಿ ಸಾವುಕಾರ ತನ್ನ ಅಳಿಯನನ್ನು ಕೂರಿಸಿದ. ನಾನು ಅದೇ ಫ್ಯಾನಿನ ಕೆಳಗೆ ಉಳಿದೆ. ಇದಕ್ಕೆ ನನ್ನ ಮೇಲೆ ಯಾರೂ ಮರುಕಪಡಬೇಕಾಗಿಲ್ಲ, ನನಗೆ ಸಿಕ್ಕಿದ್ದು ನನ್ನ ಯೋಗ್ಯತೆಗಿಂತ ಹೆಚ್ಚೇ. ಆ ಕಂಪನಿಯ ಝೂಲುಗಳು ಮುಂದೆಯೂ ಮಾರಾಟವಾದವು, ಬೆನ್ನ ಮೇಲಿನ ಹೊಲಿಗೆ ಹಾಗೇ ಇತ್ತು, ನಾನು ಕಾರ್ಡು ಬರೆಯುತ್ತಲೇ ಇದ್ದೆ. ಎಪ್ಪತ್ತರ ದಶಕದ ಕೊನೆಗೆ ಊರಿಗೆ ಆಟೋ ಬಂದವು. ಟಾಂಗಾಗಳು ಒಂದೊಂದೇ ಕಾಣೆಯಾದವು. ಆಮೇಲೆ ಗ್ಯಾರಂಟಿ ಕೊಡಲು ಝೂಲುಗಳೇ ಇರಲಿಲ್ಲ. ಸಾವುಕಾರ ಪ್ಲಾಸ್ಟಿಕ್ ಕೊಡ ಮಾರತೊಡಗಿದ, ಅವುಗಳಿಗೆ ಯಾರೂ ಕಾರ್ಡು ಕೇಳಲಿಲ್ಲ.

ಆದರೆ ಸಹಿ ತಂದ ಮರು ವರ್ಷ, ಮಿರಗಕ್ಕೆ ಇನ್ನೂ ಕೆಲವು ದಿನ ಇರುವಾಗ, ನಾನು ದುಬಲಗುಂಡಿಗೆ ಹೋಗಿದ್ದೆ. ಅವ್ವ ಉಣ್ಣೆ ಬಿಡಿಸುತ್ತ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಅವಳ ಮುಖ ಅರಳಿತು.

"ಕಲ್ಯಾಣದ ಅಣ್ಣಾರು ಬಂದಿದ್ರಪ್ಪಾ. ಎಷ್ಟು ದಿನದ ಮ್ಯಾಲ ಬಂದ್ರು. ನಾ ಝೂಲು ತಂದಾರ ಅಂದ್ಕೊಂಡೆ. ಬರಿಗೈಲೆ ಬಂದಿದ್ರು. ಕುದುರಿ ಇಟ್ಟಂಗಿ ಭಟ್ಟಿಯವರಿಗಿ ಕೊಟ್ರಂತ. ಬೆನ್ನ ಮ್ಯಾಲ ಹುಣ್ಣಾಗಿ ಲಗ್ನದವರು ಒಲ್ಲೆ ಅಂದ್ರಂತ. ಇನ್ನ ನಾ ಬರಂಗಿಲ್ಲ ಬೆಹನ್, ಅದೇ ಹೇಳಿ ಹೋಗ್ಬೇಕಂತ ಬಂದೆ ಅಂದ್ರು."

"ಯಾಕ ಹುಣ್ಣಾತಂತ?" ಎಂದು ಕೇಳಿದೆ. ಕೇಳದೆ ಇರಲು ಧೈರ್ಯ ಸಾಲಲಿಲ್ಲ.

"ಎರಡು ಸಲ ಕೇಳ್ದೆ. ಮಳಿ ಜಾಸ್ತಿ ಆಗಿತ್ತು ಅಂದ್ರು, ಅಷ್ಟೇ. ನಿನ್ನ ಮಾತೇ ಆಡಿದ್ರು ನೋಡು ಹೊತ್ತು ಮುಳುಗೋ ತನಕ. ನಿನ್ನ ಮಗ ನನ್ನ ಸಲುವಾಗಿ ಹೈದರಾಬಾದಿಗಿ ಕಾಗದಾ ಬರ್ದ, ಹುಮನಾಬಾದಿಲಿಂದ ಬಸ್ ಹತ್ತಿ ನನ್ನ ಮನೀ ತನಕ ಬಂದ, ಒಬ್ಬ ಟಾಂಗಾದವನ ಸಲುವಾಗಿ ಯಾರ್ ಬರ್ತಾರ ಬೆಹನ್ ಅಂದ್ರು."

ಚಾಚಾಗೆ ಆ ಹೊತ್ತಿಗೆ ಎಲ್ಲ ಗೊತ್ತಾಗಿತ್ತೇ, ಮೇಲೆ ನಗುತ್ತ ಅವ್ವನಿಂದ ಮುಚ್ಚಿಟ್ಟರೇ, ಅಥವಾ ಕೊನೆಯವರೆಗೂ ನನ್ನನ್ನು ನಂಬಿದ್ದರೇ, ನನಗೆ ತಿಳಿಯಲಿಲ್ಲ. ಹೋಗಿ ಕೇಳುವಷ್ಟು ಗಂಡಸು ನಾನಾಗಿರಲಿಲ್ಲ. ಕಲ್ಯಾಣದ ಆ ಓಣಿಗೆ ಮತ್ತೆ ಕಾಲಿಡಲಿಲ್ಲ.

ಅವ್ವ ಮಾತ್ರ ಆ ಮಾತನ್ನು ಓಣಿಗೆಲ್ಲ ಹೇಳಿದಳು. ಮೂಗು ಮುರಿದವರ ಮನೆಗೂ ಹೋಗಿ ಹೇಳಿ ಬಂದಳು. ಓದಿದರೂ ನನ್ನ ಮಗ ಬಡವರನ್ನು ಮರೆಯಲಿಲ್ಲ ಎಂದು ಕಂಬಳಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿರುವಾಗಲೂ ಹೇಳುತ್ತಿದ್ದಳು. ಎಂಬತ್ತರ ದಶಕದಲ್ಲಿ ಅವಳು ಸಾಯುವ ವರ್ಷದವರೆಗೂ ಹೇಳಿದಳು. ನಾನು ಒಮ್ಮೆಯೂ ತಡೆಯಲಿಲ್ಲ.